ಹುಳುಗಳಿಗೆ ಬಿಟ್ಟ ಕೋಣೆ

ನಮ್ಮ ಮನೆಯ ನಡುಗೋಣೆಯಲ್ಲಿ ಮನುಷ್ಯರು ಮಲಗಿದ್ದನ್ನು ನಾನು ಮೂರನೇ ಕ್ಲಾಸಿಗೆ ಬರುವವರೆಗೂ ನೋಡಿರಲಿಲ್ಲ. ಅದು ರೇಷ್ಮೆ ಹುಳುಗಳ ಕೋಣೆ. ಇಡೀ ಮನೆಯಲ್ಲಿ ಅದೇ ದೊಡ್ಡದು, ಅದೇ ತಂಪು. ಮೊಳಕ್ಕೂ ಮೀರಿದ ದಪ್ಪದ ಮಣ್ಣಿನ ಗೋಡೆ, ಸೂರಿನ ಕೆಳಗೆ ಅಂಗೈ ಅಗಲದ ಗಾಳಿಕಂಡಿಗಳು, ತಲೆ ಬಗ್ಗಿಸಿ ಒಳಗೆ ಹೋಗಬೇಕಾದ ಗಿಡ್ಡ ಬಾಗಿಲು. ಹೊರಗೆ ಬೇಸಿಗೆ ಬಿಸಿಲು ಹೆಂಚು ಸುಡುತ್ತಿದ್ದರೂ ಒಳಗೆ ಕಾಲಿಟ್ಟ ಕೂಡಲೇ ಅಂಗಾಲಿಗೆ ತಣ್ಣಗೆ ಹತ್ತುತ್ತಿತ್ತು. ಆ ತಂಪಿಗಾಗಿಯೇ ಅದನ್ನು ಹುಳುಗಳಿಗೆ ಬಿಟ್ಟಿದ್ದರು. ಅಜ್ಜಿ, ಅಪ್ಪ, ಅಮ್ಮ, ಚಿಕ್ಕಪ್ಪ, ಚಿಕ್ಕಮ್ಮ ಮತ್ತು ನಾನು ಆ ಕೋಣೆಯ ಸುತ್ತ ಸಿಕ್ಕ ಸಿಕ್ಕ ಜಾಗದಲ್ಲಿ ಉಳಿದುಕೊಂಡಿದ್ದೆವು. ಹಾಗೆ ಇರುವುದು ವಿಚಿತ್ರ ಅಂತ ಆಗ ಯಾರಿಗೂ ಅನ್ನಿಸಿರಲಿಲ್ಲ. ಹೊಸಕೋಟೆ ಸೀಮೆಯಲ್ಲಿ ಹುಳು ಮೇಯಿಸುವ ಮನೆಗಳೆಲ್ಲ ಹಾಗೇ ಇದ್ದವು.

ಮನೆ ಚಿಕ್ಕ ತೊಟ್ಟಿಮನೆ. ನಡುವೆ ಆಕಾಶಕ್ಕೆ ತೆರೆದ ಅಂಗಳ, ಅದರ ನಾಲ್ಕು ಮೂಲೆಗೆ ಹಲಸಿನ ಮರದ ನಾಲ್ಕು ಕಂಬ. ಬಡಗಲಿಗೆ ಅಡುಗೆಮನೆ, ಅದರ ಪಕ್ಕದಲ್ಲೇ ಅಪ್ಪ ಅಮ್ಮ ಮಲಗುತ್ತಿದ್ದ ಮೂಲೆ. ಪಡುವಲಿಗೆ ಹುಳುಗಳ ನಡುಗೋಣೆ. ಮೂಡಲಿಗೆ ತಲೆಬಾಗಿಲು ಮತ್ತು ಅಜ್ಜಿಯ ಚಾಪೆ. ತೆಂಕಲ ಪಡಸಾಲೆ ಚಿಕ್ಕಪ್ಪ ಚಿಕ್ಕಮ್ಮನದು. ಅಲ್ಲಿ ಗೋಡೆಯಿಂದ ಗೋಡೆಗೆ ಒಂದು ಹಳೆಯ ಸೀರೆ ಕಟ್ಟಿದ್ದರು, ಅದೇ ಅವರ ಬಾಗಿಲು. ಚಿಕ್ಕಪ್ಪ ಪಿಲ್ಲಗುಂಪೆಯ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ್ದ. ಅವನಿಗೆ ರಾತ್ರಿ ಪಾಳಿ ಬಿದ್ದ ವಾರವೆಲ್ಲ ನನಗೆ ಹಬ್ಬ. ಚಾಪೆ ಎಳೆದುಕೊಂಡು ಸೀರೆಯ ಆ ಕಡೆ ಹೋಗಿ ಚಿಕ್ಕಮ್ಮನ ಬೆನ್ನಿಗೆ ಅಂಟಿಕೊಂಡು ಮಲಗುತ್ತಿದ್ದೆ.

ಚಿಕ್ಕಮ್ಮನ ಹೆಸರು ರಾಧಮ್ಮ. ಚಿಂತಾಮಣಿ ಕಡೆಯವಳು. ಅವಳ ತವರಿನಲ್ಲಿ ಮನೆಮಾತು ತೆಲುಗು. ಮದುವೆಯಾಗಿ ಬಂದ ಹೊಸದರಲ್ಲಿ ಅವಳು ಮಾತಾಡಿದರೆ ಅಜ್ಜಿ ನಗುತ್ತಿದ್ದಳು ಅಂತ ಅವಳು ನನ್ನ ಹತ್ತಿರ ಮಾತ್ರ ಮಾತಾಡುತ್ತಿದ್ದಳಂತೆ. ಹೀಗಾಗಿ ಅವಳಿಗೆ ಕನ್ನಡ ತಿದ್ದಿಕೊಟ್ಟದ್ದು ನಾನು, ನನಗೆ ತಲೆ ಬಾಚಿ, ಎಣ್ಣೆ ಹಚ್ಚಿ, ಊಟ ಮಾಡಿಸಿ ಬೆಳೆಸಿದ್ದು ಅವಳು. ಅಮ್ಮನಿಗೆ ನನ್ನ ಕಡೆ ನೋಡಲು ಹೊತ್ತೆಲ್ಲಿತ್ತು? ಬೆಳಗಾದರೆ ಹಿಪ್ಪುನೇರಳೆ ತೋಟಕ್ಕೆ ಹೋಗಿ ಸೊಪ್ಪು ತರಬೇಕು, ಹೆಚ್ಚಬೇಕು, ಹುಳುಗಳಿಗೆ ಹಾಕಬೇಕು, ಅವು ಮೇಯುವ ಬಿದಿರು ತಟ್ಟೆ ಬಳಿಯಬೇಕು. ನಮ್ಮ ಊಟದ ಹೊತ್ತು ಕೂಡ ಹುಳುಗಳ ಊಟದ ಹೊತ್ತನ್ನು ನೋಡಿಕೊಂಡು ನಡೆಯುತ್ತಿತ್ತು. ಮೊದಲು ಅವಕ್ಕೆ ಸೊಪ್ಪು, ಆಮೇಲೆ ನಮಗೆ ಮುದ್ದೆ. ಹುಳುಗಳಿಗೆ ಘಾಟು ಆಗುವುದಿಲ್ಲ ಅಂತ ಬೆಳೆ ಇದ್ದಷ್ಟು ದಿನ ಒಗ್ಗರಣೆ ಹಿತ್ತಲಲ್ಲಿ. ಚಿಕ್ಕಮ್ಮ ಹುರುಳಿಕಾಳು ಸಾರಿಗೆ ಬೆಳ್ಳುಳ್ಳಿ ಜಜ್ಜಿ ಹಿತ್ತಲ ಒಲೆಯಲ್ಲಿ ಒಗ್ಗರಣೆ ಕೊಟ್ಟು, ಪಾತ್ರೆ ಮುಚ್ಚಿಕೊಂಡು ಓಡಿ ಬರುತ್ತಿದ್ದಳು. ಒಳಗೆ ಬಂದು ಮುಚ್ಚಳ ತೆಗೆದಾಗ ಎಲ್ಲರೂ ಒಮ್ಮೆ ಮೂಗು ಎಳೆಯುತ್ತಿದ್ದೆವು. ಆಮೇಲೆ ನಾನು ಎಷ್ಟೋ ಊರಿನಲ್ಲಿ ಎಷ್ಟೋ ಬಗೆಯ ಊಟ ಮಾಡಿದ್ದೇನೆ. ಆ ಮುಚ್ಚಳ ತೆಗೆದ ಕ್ಷಣ ಮಾತ್ರ ಎಲ್ಲೂ ಸಿಕ್ಕಿಲ್ಲ.

ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಚಿಕ್ಕಮ್ಮ ಬಸುರಿಯಾದಳು. ಮೊದಲ ಹೆರಿಗೆ ತವರಿನಲ್ಲಿ ಆಗಬೇಕು. ಆದರೆ ಅವಳಿಗೆ ತಾಯಿ ಇರಲಿಲ್ಲ, ಅಣ್ಣಂದಿರ ಮನೆಯಿಂದ ಯಾರೂ ಕರೆಯಲು ಬರಲಿಲ್ಲ. ಇಲ್ಲೇ ಆಗಲಿ ಅಂತ ಅಜ್ಜಿಯೇ ಹೇಳಿದಳು. ತಿಂಗಳು ತುಂಬುವ ಹೊತ್ತಿಗೆ ಸರಿಯಾಗಿ ಹುಳುಗಳೂ ಬಲಿತವು. ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಅಲ್ಲಾಡದೆ ಮಲಗುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಅವು ಹಗಲೂ ರಾತ್ರಿ ಸೊಪ್ಪು ತಿನ್ನುತ್ತವೆ, ಆಮೇಲೆ ಗೂಡು ಕಟ್ಟುತ್ತವೆ. ವರ್ಷದ ಬದುಕೆಲ್ಲ ಆ ಕೆಲವು ದಿನಗಳ ಮೇಲೆ ನಿಂತಿರುತ್ತದೆ. ಆ ವಾರ ಮಳೆ ಹಿಡಿದಿತ್ತು. ಒಂದು ಮಧ್ಯಾಹ್ನ ಚಿಕ್ಕಪ್ಪ ಕಾರ್ಖಾನೆಯಿಂದ ಬಂದವನು ಬಟ್ಟೆ ಕೂಡ ಬದಲಿಸದೆ ಅಜ್ಜಿಯ ಮುಂದೆ ನಿಂತ.

"ಅವ್ವಾ, ಹುಳಾನ ಪಡಸಾಲೆಗೆ ತಂದ್ಬಿಡಾನ. ಕೋಣೆ ಇವಳಿಗೆ ಬಿಡು. ಪಡಸಾಲೇಲಿ ಎರಚಲು ಹೊಡೀತೈತೆ, ಮಗೂನ ಎಲ್ಲಿ ಮಲಗ್ಸಾದು?"

"ನಾಲ್ಕನೇ ಜ್ವರ ಎದ್ದವೆ ಕಣೋ ಮುನಿರಾಜ. ಈಗ ಅಲ್ಲಾಡ್ಸಿದ್ರೆ ಒಂದೂ ಗೂಡು ಕಟ್ಟಾಕಿಲ್ಲ," ಅಂದಳು ಅಜ್ಜಿ. "ಅದೂ ಅಲ್ದೆ ಪುರುಡು. ಹೆರಿಗೆ ಮೈಲಿಗೆ ಹುಳಕ್ಕೆ ತಾಕ್ಬಾರ್ದು."

"ಅಂದ್ರೆ ಹುಳಕ್ಕಿರೋ ಬೆಲೆ ನನ್ನೆಂಡ್ತಿಗಿಲ್ಲ."

ಅಪ್ಪ ಜಗಲಿಯಲ್ಲಿ ಸೊಪ್ಪು ಹೆಚ್ಚುತ್ತಿದ್ದವನು ತಲೆ ಎತ್ತಲಿಲ್ಲ. ಅಪ್ಪ ಹಾಗೇ. ಮಾತು ಬಿಸಿಯಾದಷ್ಟೂ ಅವನ ಕೈ ಜೋರಾಗಿ ಓಡುತ್ತಿತ್ತು, ಬಾಯಿ ಮುಚ್ಚಿಕೊಳ್ಳುತ್ತಿತ್ತು. ಮಾತಾಡಿದ್ದು ಅಮ್ಮ. ರಾತ್ರಿಯೆಲ್ಲ ನಿದ್ದೆಗೆಟ್ಟು ಹುಳುಗಳಿಗೆ ಸೊಪ್ಪು ಹಾಕಿದ್ದವಳು, ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತುಕೊಂಡು ಆಗ ತಾನೆ ಒಳಗೆ ಬಂದಿದ್ದಳು.

"ನಾನು ನನ್ನ ಮಗಳನ್ನ ಹೆತ್ತಾಗ ಯಾವ ಕೋಣೆ ಕೊಟ್ಟಿದ್ರು? ಸೌದೆ ಕೊಟ್ಟಿಗೇಲಿ ಹೆತ್ತು ಮಾರ್ನೇ ದಿನ ಎದ್ದು ಮುಸುರೆ ತಿಕ್ಕಿದೀನಿ. ನಿನ್ನೆಂಡ್ತಿ ಏನು ಮೇಲಿಂದ ಇಳ್ದು ಬಂದವ್ಳಾ?"

ಸೀರೆಯ ಮರೆಯಲ್ಲಿ ಚಿಕ್ಕಮ್ಮ ಇದ್ದಳು. ನಾನು ಅವಳ ಪಕ್ಕದಲ್ಲೇ ಕೂತಿದ್ದೆ. ಅವಳು ಅಳಲಿಲ್ಲ. ನನ್ನ ಜಡೆ ಹೆಣೆಯುತ್ತಿದ್ದ ಬೆರಳುಗಳು ನಿಂತವು, ಮತ್ತೆ ಹೆಣೆಯತೊಡಗಿದವು, ಅಷ್ಟೆ. ಆದರೆ ಜಡೆ ಬಿಗಿಯಾಗಿ ನನ್ನ ತಲೆ ನೋಯಿತು.

ಮಗು ಹುಟ್ಟಿದ್ದು ಹಿತ್ತಲ ಸೌದೆ ಕೊಟ್ಟಿಗೆಯಲ್ಲಿ. ಅಮ್ಮ ಬಾಯಿ ಏನೇ ಅಂದರೂ ಕೈ ಸುಮ್ಮನಿರಲಿಲ್ಲ. ಸೌದೆಯನ್ನೆಲ್ಲ ಒಂದು ಪಕ್ಕಕ್ಕೆ ಜರುಗಿಸಿ, ನೆಲ ಸಾರಿಸಿ, ಗೋಣಿತಾಟು ಕಟ್ಟಿ ಗಾಳಿಗೆ ಮರೆ ಮಾಡಿದಳು. ಆದರೂ ಮಳೆ ಗೋಣಿತಾಟನ್ನು ಕೇಳುತ್ತದೆಯೇ? ಗಂಡು ಮಗು, ಶೀನ ಅಂತ ಕರೆದೆವು. ಹುಟ್ಟಿದ ವಾರಕ್ಕೆ ಅದಕ್ಕೆ ಕೆಮ್ಮು ಹತ್ತಿ ಎದೆ ಗೊರಗೊರ ಅನ್ನತೊಡಗಿತು. ಚಿಕ್ಕಪ್ಪ ಸೈಕಲ್ಲಿನ ಹಿಂದೆ ಚಿಕ್ಕಮ್ಮನನ್ನು ಕೂರಿಸಿಕೊಂಡು, ಅವಳ ಮಡಿಲಲ್ಲಿ ಮಗು, ಮೇಲೆ ಕಂಬಳಿ, ಹೊಸಕೋಟೆಯ ಆಸ್ಪತ್ರೆಗೆ ಹೋದ. ಅವರು ಅಲ್ಲಿದ್ದಷ್ಟು ದಿನ ಅಜ್ಜಿ ದೇವರ ಮುಂದಿನ ದೀಪ ಆರಲು ಬಿಡಲಿಲ್ಲ. ಮಗು ಉಳಿಯಿತು. ಹುಳುಗಳೂ ಒಳ್ಳೆಯ ಗೂಡು ಕಟ್ಟಿದವು. ಆ ಸಲದ ಗೂಡು ಬೆಳ್ಳಗೆ, ಗಟ್ಟಿಯಾಗಿ, ನೋಡಲು ಚೆಂದವಾಗಿತ್ತು. ಅದನ್ನು ಕಂಡು ಮನೆಯಲ್ಲಿ ಯಾರೂ ಸಂತೋಷಪಡಲಿಲ್ಲ.

ಆಸ್ಪತ್ರೆಯಿಂದ ಬಂದ ಚಿಕ್ಕಪ್ಪ ಪಾಲು ಕೇಳಿದ. ಜಮೀನು ಭಾಗ ಮಾಡಲು ಕಷ್ಟವಾಗಲಿಲ್ಲ. ಮನೆಯದೇ ತೊಡಕು. ಒಂದೇ ತಲೆಬಾಗಿಲು, ಒಂದೇ ಅಂಗಳ, ಒಂದೇ ಅಡುಗೆಮನೆ. ನಡುವೆ ಗೋಡೆ ಎಬ್ಬಿಸಿದರೆ ಇಬ್ಬರಿಗೂ ಬೆಳಕಿಲ್ಲ. ಊರಿನ ಹಿರಿಯರು ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಂಡು ತುಂಬ ಹೊತ್ತು ಮಾತಾಡಿದರು. ಕೊನೆಗೆ ಚಿಕ್ಕಪ್ಪನೇ ಹೇಳಿದ:

"ನಂಗೆ ಈ ಮನೇಲಿ ಜಾಗ ಬ್ಯಾಡ. ರಸ್ತೆ ಪಕ್ಕದ ಹೊಲದಾಗೆ ಮನೆ ಕಟ್ಕತೀನಿ. ನನ್ನ ಪಾಲಿನ ಮರ, ಹೆಂಚು, ಬಾಗ್ಲು ಬಿಚ್ಕೊಂಡು ಹೋಗ್ತೀನಿ."

ಅಜ್ಜಿ ಬಾಗಿಲ ಹಿಂದೆ ಕೂತಿದ್ದವಳು ಎದ್ದು ಹೊರಗೆ ಬಂದಳು. "ನನ್ನನ್ನೂ ಎಲ್ಡು ಮಾಡ್ಬಿಡ್ರಪ್ಪ, ಒಂದ್ ಕೈ ಇವನ್ಗೆ, ಒಂದ್ ಕೈ ಅವನ್ಗೆ," ಅಂದಳು. ಹಿರಿಯರು ತಲೆ ತಗ್ಗಿಸಿದರು. ಯಾರೂ ಮಾತು ಬದಲಿಸಲಿಲ್ಲ.

ಮನೆ ಬೀಳುವುದನ್ನು ಜನ ನೋಡಿರುತ್ತಾರೆ, ಕಟ್ಟುವುದನ್ನೂ ನೋಡಿರುತ್ತಾರೆ. ಜನ ಒಳಗೆ ಬದುಕುತ್ತಿರುವಾಗಲೇ ಮನೆಯನ್ನು ಬಿಚ್ಚುವುದನ್ನು ನಾನು ನೋಡಿದೆ. ತೆಂಕಲ ಭಾಗ ಚಿಕ್ಕಪ್ಪನ ಪಾಲು ಅಂತಾಯಿತು. ಮೊದಲು ಹೆಂಚು ಇಳಿಸಿದರು. ಕೈಯಿಂದ ಕೈಗೆ ದಾಟಿಸಿ ಅಂಗಳದಲ್ಲಿ ಸಾಲಾಗಿ ಜೋಡಿಸಿದರು. ಆಮೇಲೆ ಜಂತೆಗಳು, ಆಮೇಲೆ ತೊಲೆಗಳು. ಕೊನೆಗೆ ಎರಡು ಕಂಬಗಳು. ಕಂಬ ಕಲ್ಲಿನ ಮೇಲಿಂದ ಎದ್ದಾಗ ಅಡಿಯಲ್ಲಿ ಬಿಸಿಲನ್ನೇ ಕಾಣದ ಗುಂಡಗಿನ ಗುರುತು ಇತ್ತು. ನಾನು ಅಲ್ಲಿ ಕಾಲಿಟ್ಟು ನಿಂತೆ. ಅಪ್ಪನೂ ಚಿಕ್ಕಪ್ಪನೂ ಮಾತಾಡದೆಯೇ ಒಟ್ಟಿಗೆ ಕೆಲಸ ಮಾಡಿದರು. ಒಬ್ಬ ತೊಲೆಯ ಈ ತುದಿ ಹಿಡಿದರೆ ಇನ್ನೊಬ್ಬ ಆ ತುದಿ. ಭಾರ ಎತ್ತುವಾಗ ಇಬ್ಬರ ಬಾಯಿಂದಲೂ ಒಂದೇ ತರಹದ ಹೂಂಕಾರ ಬರುತ್ತಿತ್ತು. ಎಲ್ಲ ಗಾಡಿಗೆ ಏರಿದ ಮೇಲೆ ಚಿಕ್ಕಮ್ಮ ಮಗುವನ್ನೆತ್ತಿಕೊಂಡು ಹೊರಟಳು. ಅಜ್ಜಿಯ ಕಾಲಿಗೆ ನಮಸ್ಕಾರ ಮಾಡಿದಳು. ಅಮ್ಮನ ಮುಂದೆ ಒಂದು ಗಳಿಗೆ ನಿಂತಳು. ಅಮ್ಮ ಗೋಡೆಯ ಕಡೆ ತಿರುಗಿಕೊಂಡಿದ್ದಳು. ಚಿಕ್ಕಮ್ಮ ನನ್ನ ಗಲ್ಲ ಮುಟ್ಟಿ, "ಬರ್ತೀನಿ ಬಂಗಾರು," ಅಂದಳು. ಅಜ್ಜಿ ಕೆಲವು ದಿನ ಅಲ್ಲಿ, ಕೆಲವು ದಿನ ಇಲ್ಲಿ ಅಂತಾಯಿತು. ನನಗೆ ಮಾತ್ರ ಆ ಕಡೆ ಹೋಗಕೂಡದು ಅಂತ ಅಪ್ಪ ಹೇಳಿದ. ಬೈದು ಹೇಳಲಿಲ್ಲ. ಅದಕ್ಕೇ ಮೀರಲಾಗಲಿಲ್ಲ.

ಉಳಿದ ಅರ್ಧ ಮನೆ ಬಾಯಿ ಬಿಟ್ಟುಕೊಂಡು ನಿಂತಿತು. ಪಡಸಾಲೆ ಇದ್ದ ಕಡೆ ಎದೆಮಟ್ಟದ ಮೊಂಡು ಗೋಡೆಗಳು, ಅದರಾಚೆ ಬೀದಿ. ನಾವು ಉಣ್ಣುವುದು, ಏಳುವುದು, ಬೀಳುವುದು ಎಲ್ಲ ಊರಿಗೆ ಕಾಣುತ್ತಿತ್ತು. ಅಪ್ಪ ಮಂಕಾಗಿ ಕೂತ. ಹೊಸದಾಗಿ ಕಟ್ಟಲು ಮನಸ್ಸಿಲ್ಲ, ಬಿಟ್ಟು ಹೋಗಲು ಜಾಗವಿಲ್ಲ. ಆಗ ಅಮ್ಮ ಒಂದು ಬೆಳಿಗ್ಗೆ ಸೊಂಟಕ್ಕೆ ಸೆರಗು ಸಿಕ್ಕಿಸಿ ಆ ಮೊಂಡು ಗೋಡೆಗಳ ನಡುವೆ ಅಡ್ಡಾಡಿದಳು. ಕೈಯಲ್ಲಿ ಒಂದು ಕೋಲು. ಅಲ್ಲಲ್ಲಿ ನೆಲದ ಮೇಲೆ ಗೀಟು ಎಳೆದಳು.

"ಈ ಗೋಡೆಗಳ ಮೇಲೆ ಇನ್ನೊಂದು ವರಸೆ ಮಣ್ಣು ಏರ್ಸಿ, ಸೋಗೆ ಹೊದ್ಸಿ. ಇಲ್ಲಿಗೆ ಹುಳ ತರಾನ," ಅಂದಳು ಅಪ್ಪನಿಗೆ. "ಒಳಗಿನ ಕೋಣೆ ಇನ್ಮೇಲೆ ಮನುಷ್ರಿಗೆ."

"ಇಲ್ಲಿ ಅಷ್ಟು ತಂಪಿರಾಕಿಲ್ವಲ್ಲೇ," ಅಂದ ಅಪ್ಪ.

"ಗೋಣಿ ನೆನೆಸಿ ಕಟ್ಟಾನ. ಹುಳಕ್ಕೋಸ್ಕರ ನಾವೆಷ್ಟು ಮಾಡ್ದೋ, ಅದೂ ನಮಗೋಸ್ಕರ ಸ್ವಲ್ಪ ಅನುಸರ್ಸ್ಕೊಳ್ಳಿ."

ಹಾಗೇ ಆಯಿತು. ಮುರಿದುಹೋದ ಪಡಸಾಲೆ ಹುಳುಮನೆಯಾಯಿತು. ಚಿಕ್ಕಪ್ಪ ಬೇಡವೆಂದು ಬಿಟ್ಟುಹೋಗಿದ್ದ ಒಡಕು ಹೆಂಚಿನಲ್ಲಿ ಅಮ್ಮ ಬಚ್ಚಲಿಗೆ ನೆಲ ಹಾಸಿದಳು, ಒಂದು ಮುರುಕು ಜಂತೆಯಿಂದ ಬೀದಿ ಕಡೆಗೆ ಬಾಗಿಲು ಮಾಡಿಸಿದಳು. ನಡುಗೋಣೆಯ ತಟ್ಟೆಗಳನ್ನೆಲ್ಲ ಹೊರಗೆ ಸಾಗಿಸಿ, ಗೋಡೆಗೆ ಸುಣ್ಣ ಬಳಿದು, ನೆಲ ಸಾರಿಸಿ ರಂಗೋಲಿ ಹಾಕಿದಾಗ ಅದು ಎಷ್ಟು ದೊಡ್ಡ ಕೋಣೆ ಅಂತ ಮೊದಲ ಸಲ ಕಂಡಿತು. ಅಪ್ಪ ಬಾಗಿಲಲ್ಲಿ ನಿಂತು ನೋಡಿದ. "ಇದನ್ನ ಆವತ್ತೇ ಮಾಡ್ಬೋದಿತ್ತು," ಅಂದ. ಕೋಣೆ ಸಿದ್ಧವಾಗಿತ್ತು, ಅದನ್ನು ಕೇಳಿದವರು ಮನೆಯಲ್ಲಿರಲಿಲ್ಲ. ನಾವು ಮೂವರೂ ಬಹಳ ದಿನ ಅದರೊಳಗೆ ಮಲಗಲಿಲ್ಲ. ಹೊರಗೇ ಮಲಗುತ್ತಿದ್ದೆವು.

ನಾನು ಮನೆ ಕಟ್ಟುವ ಕೆಲಸ ಕಲಿತು ಎಷ್ಟೋ ವರ್ಷವಾಯಿತು. ಆರ್ಕಿಟೆಕ್ಟ್ ಅಂತ ಬೋರ್ಡು ಹಾಕಿಕೊಂಡರೂ ನಾನು ಹೊಸದಾಗಿ ಕಟ್ಟಿದ ಮನೆಗಳು ಕಡಿಮೆ. ಹಳೆಯದನ್ನು ಬಿಚ್ಚಿ, ತಿದ್ದಿ, ಮತ್ತೆ ಬದುಕುವ ಹಾಗೆ ಮಾಡಿದ್ದೇ ಹೆಚ್ಚು. ಈಗ ನಾವಿರುವ ಮನೆ ಕೂಡ ದೊಡ್ಡಬಳ್ಳಾಪುರದ ಒಂದು ಹಳೆಯ ಮಗ್ಗದ ಶೆಡ್ಡು. ಮಗ್ಗಗಳು ಹೋಗಿ ಬಾಗಿಲು ಹಾಕಿತ್ತು. ನಾನು ಅದರ ಉದ್ದನೆಯ ಗೋಡೆಗಳನ್ನು ಹಾಗೇ ಉಳಿಸಿಕೊಂಡು ಒಳಗೆ ಅಡುಗೆಮನೆ, ಮಲಗುವ ಕೋಣೆ, ನನ್ನ ಡ್ರಾಯಿಂಗ್ ಟೇಬಲ್ಲು ಎಲ್ಲ ಕೂರಿಸಿದೆ. ಭಾನುವಾರ ಬೆಳಿಗ್ಗೆ ಮಾಕಳಿದುರ್ಗ ಹತ್ತಲು ಹೋಗುವ ಹುಡುಗರ ಬೈಕುಗಳು ಮನೆ ಮುಂದೆ ಸದ್ದು ಮಾಡುತ್ತ ಹೋಗುತ್ತವೆ. ಮೇಷ್ಟರಾಗಿ ನಿವೃತ್ತರಾದ ನನ್ನ ಗಂಡ ಕಾಫಿ ಲೋಟ ಹಿಡಿದುಕೊಂಡು, "ನಿಂಗೆ ಹೊಸ ಮನೆ ಅಂದ್ರೇನೇ ಆಗಲ್ಲ, ಯಾರಾದ್ರೂ ಬದುಕಿ ಬಿಟ್ಟ ಮನೇನೇ ಬೇಕು," ಅಂತ ರೇಗಿಸುತ್ತಾರೆ. ನಿಜ. ಹಳೆ ಮನೆ ತಿದ್ದಿಸಲು ಬಂದವರನ್ನು ನಾನು ಮೊದಲು ಕೇಳುವುದು ಬಜೆಟ್ಟಲ್ಲ. ಯಾರು ಎಲ್ಲಿ ಮಲಗುತ್ತೀರಿ ಅಂತ ಕೇಳುತ್ತೇನೆ. ಹೋದ ವರ್ಷ ದೇವನಹಳ್ಳಿಯ ಹತ್ತಿರ ಒಂದು ಹಳೆ ಮನೆ ಕೊಂಡ ಎಳೆಯ ದಂಪತಿ, ಕಾರು ನಿಲ್ಲಿಸಲು ಒಳಗೋಣೆ ಒಡೆಯಬೇಕು ಅಂದರು. ಅವರ ಜೊತೆ ಅತ್ತೆ ಇದ್ದರು, ಮೂಲೆಯಲ್ಲಿ ನಿಂತಿದ್ದರು. "ಅಮ್ಮಾ, ನಿಮ್ಮ ಹಾಸಿಗೆ ಎಲ್ಲಿ?" ಅಂದೆ. ಅವರು ಸೊಸೆಯ ಮುಖ ನೋಡಿದರು. ಸೊಸೆ ಒಳ್ಳೆಯ ಹುಡುಗಿ, ಕೆಂಪಾದಳು. ಕಾರು ಹೊರಗೆ ಬೇವಿನ ಮರದ ಕೆಳಗೆ ನಿಲ್ಲಲಿ ಅಂತ ಅವಳೇ ತೀರ್ಮಾನಿಸಿದಳು.

ನಮ್ಮ ಮನೆಯನ್ನು ಮಾತ್ರ ನನ್ನಿಂದ ಉಳಿಸಿಕೊಳ್ಳಲು ಆಗಲಿಲ್ಲ. ಅಪ್ಪ ಅಮ್ಮ ಆಮೇಲೆ ಹುಟ್ಟಿದ ನನ್ನ ತಮ್ಮನ ಜೊತೆ ಹೊಸಕೋಟೆಗೆ ಹೋಗಿ ನೆಲೆಸಿದ ಮೇಲೆ ಅಗಲದ ರಸ್ತೆಯೊಂದು ಆ ಕಡೆ ಬಂತು. ಚಿಕ್ಕಪ್ಪ ಕಟ್ಟಿದ ಮನೆಯೂ ಅದೇ ರಸ್ತೆಗೆ ಹೋಯಿತು. ಬಿಚ್ಚಿ ಎರಡಾಗಿದ್ದ ಮನೆ ಒಂದೇ ಡಾಂಬರಿನ ಕೆಳಗೆ ಮಲಗಿದೆ. ಆ ದಾರಿಯಲ್ಲಿ ಹೋಗುವಾಗ ಎಲ್ಲಿ ಇತ್ತು ಅಂತ ಗುರುತು ಹಿಡಿಯಲು ಪ್ರತಿ ಸಲ ನೋಡುತ್ತೇನೆ. ಕಾರಿನ ವೇಗಕ್ಕೆ ಒಂದು ಉಸಿರಿನಲ್ಲಿ ದಾಟಿಹೋಗುತ್ತದೆ.

ಆದರೆ ನಾನು ಹೇಳಲು ಕೂತದ್ದು ಮನೆ ಎರಡಾದ ಮಾರನೆಯ ವರ್ಷದ ಮಾತು. ಆ ವರ್ಷ ನಾನು ತುಂಬ ಸುಮ್ಮನಾಗಿದ್ದೆ ಅಂತ ಅಮ್ಮ ಆಮೇಲೆ ಹೇಳುತ್ತಿದ್ದಳು. ಶಾಲೆಯಿಂದ ಬರುವ ದಾರಿಯಲ್ಲಿ ಚಿಕ್ಕಪ್ಪನ ಹೊಸ ಮನೆ ಕಾಣುತ್ತಿತ್ತು. ನಮ್ಮ ಕಂಬಗಳು ಅದರ ಮುಂದಿನ ಜಗಲಿಯಲ್ಲಿ ನಿಂತಿದ್ದವು. ಚಿಕ್ಕಮ್ಮ ಕೆಲವು ಸಲ ಹೊರಗೆ ಬಟ್ಟೆ ಒಗೆಯುತ್ತಿರುತ್ತಿದ್ದಳು. ನಾನು ನಡಿಗೆ ನಿಧಾನ ಮಾಡುತ್ತಿದ್ದೆ. ಅವಳೂ ಕೈ ನಿಲ್ಲಿಸುತ್ತಿದ್ದಳು. ಅಷ್ಟೇ ನಮ್ಮ ಭೇಟಿ. ನನ್ನ ಜಡೆ ನಾನೇ ಹಾಕಿಕೊಳ್ಳಲು ಕಲಿತೆ, ಅದು ಯಾವತ್ತೂ ಒಂದು ಕಡೆಗೆ ವಾಲಿಕೊಳ್ಳುತ್ತಿತ್ತು. ಅಮ್ಮ ಮಾಡುವ ಹುರುಳಿಕಾಳು ಸಾರು ಚೆನ್ನಾಗಿಯೇ ಇರುತ್ತಿತ್ತು. ಒಂದು ದಿನ ತಟ್ಟೆಯ ಮುಂದೆ ಕೂತವಳು, "ಚಿಕ್ಕಮ್ಮನ ಸಾರು ಬೇಕು," ಅಂದುಬಿಟ್ಟೆ. ಅಮ್ಮ ಹೊಡೆಯುತ್ತಾಳೆ ಅಂದುಕೊಂಡೆ. ಅವಳು ಸೌಟು ಪಾತ್ರೆಯೊಳಗೇ ಬಿಟ್ಟು ಹಿತ್ತಲಿಗೆ ಹೋದಳು, ಬಹಳ ಹೊತ್ತು ಬರಲಿಲ್ಲ.

ಆ ವರ್ಷವೇ ಅಮ್ಮ ಬಸುರಿಯಾದಳು. ನನ್ನ ನಂತರ ಎಷ್ಟೋ ವರ್ಷಕ್ಕೆ ನಿಂತ ಗರ್ಭ, ಮೈಯೆಲ್ಲ ಊದಿಕೊಂಡಿತ್ತು. ದಿನ ತುಂಬಲು ಇನ್ನೂ ಸಮಯವಿದೆ ಅಂತ ಅಪ್ಪ ಮೊದಲು ಬಲಿತ ಹುಳುಗಳ ಗೂಡು ಹೊತ್ತುಕೊಂಡು ಸಂತೆಗೆ ಹೋಗಿದ್ದ. ಬೆಳಗಿನ ಬಿಸಿಲು ಅಂಗಳಕ್ಕೆ ಇಳಿಯುವ ಹೊತ್ತಿಗೆ ಅಮ್ಮ ಹುಳುಮನೆಯಿಂದ ಗೋಡೆ ಹಿಡಿದುಕೊಂಡು ಬಂದಳು. ನೇರ ನಡುಗೋಣೆಗೆ ಹೋಗಿ ನೆಲದ ಮೇಲೆ ಒರಗಿದಳು. ತುಟಿ ಬಿಳಿಚಿತ್ತು.

"ಪದ್ಮಾ, ಓಡು. ಸೂಲಗಿತ್ತೀನ ಕರಿ. ಆಮೇಲೆ ಆ ಮನೇಗೆ ಹೋಗಿ ಅಜ್ಜೀನ ಕರ್ಕೊಂಡ್ ಬಾ."

ಸೂಲಗಿತ್ತಿಯ ಮನೆಯಲ್ಲಿ ಹೇಳಿ, ಅಲ್ಲಿಂದ ರಸ್ತೆಗೆ ಓಡಿದೆ. ಚಿಕ್ಕಪ್ಪನ ಮನೆಯ ಜಗಲಿಯ ಕೆಳಗೆ ನಿಂತು ಏದುಸಿರು ಬಿಟ್ಟೆ. ಮೆಟ್ಟಿಲು ಹತ್ತಬಾರದು ಅಂತ ಆಗಲೂ ನೆನಪಿತ್ತು. "ಅಜ್ಜೀ" ಅಂತ ಕೂಗಿದೆ. ಹೊರಗೆ ಬಂದದ್ದು ಚಿಕ್ಕಮ್ಮ. ಸೊಂಟದ ಮೇಲೆ ಶೀನ, ಕೈಯಲ್ಲಿ ಹಿಟ್ಟು.

"ಅಜ್ಜಿ ಇಲ್ಲ ಬಂಗಾರು. ನೆನ್ನೆ ಸಮೇತನಹಳ್ಳಿಗೆ ಹೋದ್ರು, ತಮ್ಮನ ಮನೇಗೆ. ಏನಾಯ್ತು?"

ನನಗೆ ಅಳು ಬಂತು. "ಅಮ್ಮ ಬಿದ್ಕೊಂಡವ್ಳೆ. ಮನೇಲಿ ಯಾರೂ ಇಲ್ಲ."

ಚಿಕ್ಕಮ್ಮ ನನ್ನ ಹಿಂದೆ ಬೀದಿಯನ್ನು ನೋಡಿದಳು. ಆಮೇಲೆ ತನ್ನ ಕೈ ನೋಡಿಕೊಂಡಳು. ಒಳಗೆ ಹೋಗಿ ಕೈ ತೊಳೆದಳು. ಚೆಂಬಿನ ಸದ್ದು ನನಗೆ ಕೇಳಿಸಿತು. ರಾತ್ರಿ ಪಾಳಿ ಮುಗಿಸಿ ಮಲಗಿದ್ದ ಚಿಕ್ಕಪ್ಪ ಎಚ್ಚರಾಗಿ ಒಳಗಿನಿಂದ ಕೇಳಿದ:

"ಎಲ್ಲಿಗೆ ಹೊಂಟೆ?"

"ಮನೇಗೆ," ಅಂದಳು ಚಿಕ್ಕಮ್ಮ.

ಅವಳು ನಿಂತಿದ್ದೇ ಅವಳ ಮನೆಯಲ್ಲಿ. ಅವಳು ಶೀನನನ್ನು ನನ್ನ ತೋಳಿಗೆ ಕೊಟ್ಟು, ಸೆರಗು ಬಿಗಿದುಕೊಂಡು ನನಗಿಂತ ಮುಂದೆ ಓಡಿದಳು. ಅಷ್ಟು ಜೋರಾಗಿ ಅವಳು ಓಡುವುದನ್ನು ನಾನು ಅದುವರೆಗೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ನಡುಗೋಣೆಯ ಬಾಗಿಲಿಗೆ ಬಂದಾಗ ಮಾತ್ರ ಅವಳ ಕಾಲು ತಡೆಯಿತು. ಒಳಗೆ ಸುಣ್ಣದ ಗೋಡೆ, ಮೂಲೆಯಲ್ಲಿ ಮಡಚಿಟ್ಟ ಚಾಪೆ, ನಡುವೆ ಅಮ್ಮ. ಸೂಲಗಿತ್ತಿ ಆಗಲೇ ಬಂದಿದ್ದಳು. ಚಿಕ್ಕಮ್ಮ ಬಾಗಿಲ ಪಕ್ಕದ ಗೋಡೆಯನ್ನು ಅಂಗೈಯಿಂದ ಮುಟ್ಟಿದಳು. "ತಣ್ಣಗೈತೆ," ಅಂದಳು, ಯಾರಿಗೂ ಅಲ್ಲ. ಆಮೇಲೆ ತಲೆ ಬಗ್ಗಿಸಿ ಒಳಗೆ ಹೋಗಿ ಅಮ್ಮನ ತಲೆ ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಅಮ್ಮ ಕಣ್ಣು ಬಿಟ್ಟು ಅವಳ ಮುಖ ನೋಡಿದಳು.

"ರಾಧಾ... ಅವತ್ತು ನಾನು..."

"ಮಾತಾಡಿ ಉಸ್ರು ಕಳ್ಕೋಬ್ಯಾಡಕ್ಕ. ನನ್ನ ಕೈ ಹಿಡ್ಕೋ. ಗಟ್ಟಿಯಾಗಿ ಹಿಡ್ಕೋ."

ನನ್ನನ್ನು ಹೊರಗೆ ಕಳಿಸಿ ಬಾಗಿಲು ಹಾಕಿದರು. ಶೀನನನ್ನು ಮಡಿಲಲ್ಲಿಟ್ಟುಕೊಂಡು ನಾನು ಅಂಗಳದ ಅಂಚಿನಲ್ಲಿ ಕೂತೆ. ಅವನು ನನ್ನ ವಾಲಿದ ಜಡೆ ಹಿಡಿದು ಎಳೆಯುತ್ತಿದ್ದ. ಹುಳುಮನೆಯಲ್ಲಿ ಹುಳುಗಳಿಗೆ ಸೊಪ್ಪು ಹಾಕುವ ಹೊತ್ತು ಮೀರಿತ್ತು. ಅವತ್ತು ಅವುಗಳ ನೆನಪು ಯಾರಿಗೂ ಬರಲಿಲ್ಲ. ಬಿಸಿಲು ಅಂಗಳ ದಾಟಿ ಆ ಕಡೆಯ ಗೋಡೆ ಹತ್ತಿದ ಮೇಲೆ ಒಳಗಿನಿಂದ ಮಗುವಿನ ಅಳು ಕೇಳಿತು. ಅದರ ಹಿಂದೆಯೇ ಇಬ್ಬರು ಹೆಂಗಸರ ಅಳು. ನಾನು ಹೆದರಿ ಬಾಗಿಲು ತಳ್ಳಿದೆ. ಏನೂ ಆಗಿರಲಿಲ್ಲ. ನನ್ನ ತಮ್ಮ ಸೂಲಗಿತ್ತಿಯ ಕೈಯಲ್ಲಿದ್ದ. ಅಮ್ಮನೂ ಚಿಕ್ಕಮ್ಮನೂ ಒಬ್ಬರ ಹೆಗಲಿಗೆ ಒಬ್ಬರು ಒರಗಿ ಅಳುತ್ತಿದ್ದರು. ಸೂಲಗಿತ್ತಿ, "ಗಂಡು ಮಗ ಕಣ್ರವ್ವ, ಅಳ್ತೀರಲ್ಲ," ಅಂತ ಬೈಯುತ್ತಿದ್ದಳು.

ಸಂಜೆ ಸಂತೆಯಿಂದ ಬಂದ ಅಪ್ಪ ಒಲೆಯ ಮುಂದೆ ಚಿಕ್ಕಮ್ಮನನ್ನು ಕಂಡು ಬಾಗಿಲಲ್ಲೇ ನಿಂತ. ಅವಳು ಸೆರಗು ಸರಿಮಾಡಿಕೊಂಡು, "ಭಾವ, ಕೈಕಾಲು ತೊಳ್ಕೊಂಡು ಬನ್ನಿ, ಊಟಕ್ಕಿಡ್ತೀನಿ," ಅಂದಳು. ಅಪ್ಪ ಕೈಕಾಲು ತೊಳೆದು ಬಂದು ಕೂತ. ಆ ಕಡೆ ಹೋಗಕೂಡದು ಅನ್ನುವ ಮಾತು ನಮ್ಮ ಮನೆಯಲ್ಲಿ ಮತ್ತೆ ಬರಲಿಲ್ಲ.

ಸುದ್ದಿ ತಿಳಿದು ಅಜ್ಜಿ ಓಡಿ ಬಂದಳು. ಆದರೂ ಬಾಣಂತನ ಮಾಡಿದ್ದು ಚಿಕ್ಕಮ್ಮನೇ. ಬೆಳಿಗ್ಗೆ ಚಿಕ್ಕಪ್ಪನ ಬುತ್ತಿ ಕಟ್ಟಿಟ್ಟು ಬರುವಳು, ಕತ್ತಲಾಗುವ ಮುಂಚೆ ಹಿಂದಿರುಗುವಳು. ಹಂಡೆಯಲ್ಲಿ ನೀರು ಕಾಯಿಸಿ ಅಮ್ಮನಿಗೆ ಬಿಸಿಬಿಸಿಯಾಗಿ ಎರೆದು, ಸಾಂಬ್ರಾಣಿ ಹೊಗೆ ಹಾಕಿ, ಮೆಣಸಿನ ಸಾರು ಅನ್ನ ಕಲಸಿ ಕೊಡುವಳು. ಎಳೆಗೂಸು ನಡುಗೋಣೆಯ ತಂಪಿನಲ್ಲಿ ಹಗಲೆಲ್ಲ ನಿದ್ದೆ ಮಾಡುತ್ತಿತ್ತು. ಅದರ ಪಕ್ಕದಲ್ಲೇ ಶೀನನನ್ನೂ ಮಲಗಿಸುತ್ತಿದ್ದರು. ಇಬ್ಬರು ಹೆಂಗಸರು ಗೋಡೆಗೆ ಒರಗಿ ಕಾಲು ಚಾಚಿಕೊಂಡು ಸಣ್ಣ ದನಿಯಲ್ಲಿ ಮಾತಾಡುತ್ತಿದ್ದರು. ಏನು ಮಾತೋ ನನಗೆ ಕೇಳಿಸುತ್ತಿರಲಿಲ್ಲ. ಬಾಗಿಲ ಹತ್ತಿರ ಕೂತು ಶಾಲೆಯ ಪಾಠ ಬರೆಯುತ್ತಾ ಆ ಗುಜುಗುಜು ಕೇಳುವುದೇ ಸಾಕಾಗಿತ್ತು. ಮನೆ ಅಂದರೆ ಇದೇ ಅಂತ ಅನ್ನಿಸುತ್ತಿತ್ತು. ಹಾಗೇ ಉಳಿದುಬಿಡುತ್ತದೆ ಅಂತ ನಂಬಿಕೊಂಡಿದ್ದೆ.

ಹೆಸರಿಡುವ ದಿನ ಚಿಕ್ಕಪ್ಪ ಬಂದ. ಸೈಕಲ್ಲಿನಿಂದ ಇಳಿಯಲಿಲ್ಲ, ಒಂದು ಕಾಲು ನೆಲಕ್ಕೂರಿ ಬೀದಿಯಲ್ಲೇ ನಿಂತ. ತನ್ನ ಪಡಸಾಲೆ ಇದ್ದ ಕಡೆ ಎದ್ದಿದ್ದ ಹುಳುಮನೆಯ ಸೋಗೆಯನ್ನು ನೋಡುತ್ತಿದ್ದ.

"ಬಾರೋ, ಊಟ ಮಾಡ್ಕೊಂಡ್ ಹೋಗು," ಅಂದ ಅಪ್ಪ ಜಗಲಿಯಿಂದ.

"ಶಿಫ್ಟಿಗೆ ಹೊತ್ತಾಯ್ತಣ್ಣ. ಇನ್ನೊಂದ್ ದಿನ."

ಅಮ್ಮ ಒಳಗಿನಿಂದ ಒಬ್ಬಟ್ಟು ಕಟ್ಟಿ ಕಳಿಸಿದಳು. ಅವನು ಬೇಡ ಅನ್ನದೆ ಹ್ಯಾಂಡಲ್ಲಿಗೆ ಸಿಕ್ಕಿಸಿಕೊಂಡ. ಬಾಣಂತನ ಮುಗಿದಿತ್ತು, ಚಿಕ್ಕಮ್ಮ ಹೊರಟಳು. ನಾನು ಅವಳ ಸೆರಗು ಹಿಡಿದುಕೊಂಡು ಬೀದಿಯವರೆಗೂ ಹೋದೆ. ಇಲ್ಲೇ ಇರು, ಕೋಣೆ ದೊಡ್ಡದಿದೆ, ನಾನು ಹೊರಗೆ ಮಲಗುತ್ತೇನೆ ಅಂತೆಲ್ಲ ಹೇಳಿದೆ. ಅವಳು ನಿಂತು ನನ್ನ ಜಡೆ ಬಿಚ್ಚಿದಳು, ಬೀದಿಯ ನಡುವೆಯೇ ಮತ್ತೆ ಹೆಣೆದಳು. ಚಿಕ್ಕಪ್ಪ ಶಿಫ್ಟಿನ ಮಾತು ಆಡದೆ ಕಾದ. "ನಂದೂ ಒಂದು ಒಲೆ ಆಯ್ತಲ್ಲ ಬಂಗಾರು. ಆರಿಸ್ಬಾರ್ದು," ಅಂದಳು. ಶೀನನನ್ನು ಮಡಿಲಿಗೆ ಹಾಕಿಕೊಂಡು ಸೈಕಲ್ಲಿನ ಹಿಂದೆ ಕೂತಳು.

ನಾನು ಒಳಗೆ ಬಂದಾಗ ಅಮ್ಮ ಮಗುವನ್ನು ತೊಟ್ಟಿಲಿಗೆ ಹಾಕಿ ಅಂಗಳಕ್ಕೆ ಬಂದಿದ್ದಳು. ಹಗ್ಗದ ಮೇಲೆ ಚಿಕ್ಕಮ್ಮನ ಹಸಿರು ಸೀರೆ ಒಣಗುತ್ತಿತ್ತು. ಬೆಳಿಗ್ಗೆ ನೀರು ಎರೆಯುವಾಗ ನೆನೆದಿತ್ತು ಅಂತ ಬದಲಿಸಿದ್ದಳು, ಮರೆತು ಹೋಗಿದ್ದಳು. ಸೈಕಲ್ಲು ಇನ್ನೂ ದೂರ ಹೋಗಿರಲಿಲ್ಲ. ನಾನು ಸೀರೆ ಎಳೆದುಕೊಂಡು ಬಾಗಿಲ ಕಡೆ ಓಡಿದೆ.

"ಬ್ಯಾಡ, ಇಲ್ಲಿ ಕೊಡು," ಅಂದಳು ಅಮ್ಮ.

ಸೀರೆಯನ್ನು ಕೊಡವಿ, ನಾಲ್ಕು ಮಡಿಕೆ ಮಾಡಿ, ನಡುಗೋಣೆಯ ಗೂಟದ ಮೇಲೆ ಹಾಕಿದಳು.

"ಕೇಳ್ಕೊಂಡು ಬರ್ತಾಳೆ ಬಿಡು."

ಮುಂದಿನ ವಾರ ಚಿಕ್ಕಮ್ಮ ಬಂದಳು. ಮಧ್ಯಾಹ್ನವೆಲ್ಲ ಇದ್ದು, ಊಟ ಮಾಡಿ, ನನ್ನ ತಲೆ ಬಾಚಿ ಹೋದಳು. ಸೀರೆ ಅವತ್ತೂ ಮರೆತಳು.